ತೂತಿನ ಹುಡಿ

ಬೆಟಗೇರಿಯ ಹಳೇ ಮನಿ. ಮಹಡಿ ಮ್ಯಾಲ ಹನ್ನೊಂದು ಹುಡುಗ್ಯಾರು,
ನರ್ಸಿಂಗ್ ಕಲಿಯೋರು.
ನಸುಕಿನ ಪಾಳಿಗೆ ಎಲ್ಲಾರಿಗೂ ಒಮ್ಮೆಲೆ ಬಿಸಿನೀರು ಬೇಕು.
ಗೀಝರ್ ಹಚ್ಚಿದರ ಫ್ಯೂಜ್ ಹಾರತೈತಿ,
ಫ್ಯೂಜ್ ಹಾರಿದರ ಫಕೀರವ್ವ ಸಿಸ್ಟರ್ ಹಾರತಾರ.
ಅದಕ್ಕ ನನ್ನ ಕರಿಸಿದರು.

"ಬೆಂಕಿ ಎಲ್ಲೈತಿ ದಾವಲ?"
ಹಿತ್ತಲಾಗ ಇಳಿಸಿದ ಹೀಟ್ ಪಂಪಿಗೆ ಒಂದು ಸುತ್ತು ಹಾಕಿ ಕೇಳಿದರು.
ಬೆಂಕಿ ಇಲ್ರಿ ಸಿಸ್ಟರ್. ಇದು ಉರಿಯೂದಿಲ್ಲ, ಹೊರೂದಷ್ಟ.
ಗದಗಿನ ಗಾಳಿಯೊಳಗಿನ ಕಾವು ಹಿಂಡಿ ನೀರಿಗೆ ಹಾಕತೈತಿ,
ಉಳಿದ ತಂಪು ಹೊರಗ ಬಿಡತೈತಿ.
"ಅಂದರ ಹಮಾಲ ಅನ್ನು."
ಹೂಂ, ಹಮಾಲನ.
ಕಂಪನಿಯವರು ಎರಡು ದಿನ ಟ್ರೇನಿಂಗ್ ಕೊಟ್ಟರೂ
ಇಷ್ಟು ಚೊಲೋ ಶಬ್ದ ಯಾರೂ ಹೇಳಿರಲಿಲ್ಲ.

ತಪ್ಪಾದದ್ದು ಆಮೇಲೆ.
ಪೈಪು ಹೋಗಬೇಕಾದದ್ದು ಗ್ವಾಡಿಯೊಳಗಿಂದ.
ಗುರುತು ಹಾಕಿದ ಪೆನ್ಸಿಲ್ ನನ್ನದ, ಡ್ರಿಲ್ಲೂ ನನ್ನದ,
ಕಣ್ಣು ಮಾತ್ರ ಆವತ್ತು ಯಾರದೋ.
ಬಚ್ಚಲ ಬಾಗಿಲದ ಚೌಕಟ್ಟಿಗೆ, ಸಾಗವಾನಿಗೆ,
ಹೆಬ್ಬಟ್ಟು ಹಿಡಿಯುವಷ್ಟು ತೂತು.
ಒಳಗಿಂದ ಹುಡಿ ಸುರೀತು, ಬೆಲ್ಲದ ಬಣ್ಣದ್ದು,
ಎಂಬತ್ತು ವರ್ಷ ಬಾಯಿ ಬಿಡದ ವಾಸನಿ
ಹಿತ್ತಲ ತುಂಬ ಮಾತಾಡಿತು.

ಸಿಸ್ಟರ್ ಮಹಡಿ ಮ್ಯಾಲಿದ್ದರು. ಹುಡಿ ಅಂಗೈಯಾಗ ಬಳಕೊಂಡೆ.
ಅಂಟಿನ ಡಬ್ಬಿ ನನ್ನಂಥಾವರ ಚೀಲದಾಗ ಇದ್ದ ಇರತೈತಿ,
ಮೊದಲು ಅದು, ಆಮೇಲೆ ಪಕ್ಕಡ.
ತೂತಿನ ಹುಡಿ ತೂತಿಗೇ ಹಾಕಿದರ
ಲೆಕ್ಕ ಸರಿ ಆಗಬೇಕಲ್ಲ?
ಆಗಲಿಲ್ಲ.
ಅಷ್ಟೊತ್ತಿಗೆ ಪಂಪು ಚಾಲೂ ಮಾಡಿದ್ದೆ.
ತಣ್ಣಗ ಒಂದು ಉಸಿರು ಬಿಟ್ಟು ಅದು
ಅರ್ಧ ಹುಡಿ ಕರಿಬೇವಿನ ಗಿಡಕ್ಕ ಒಯ್ದು ಕೊಟ್ಟಿತ್ತು.
ಉಳಿದದ್ದರಾಗ ಬಾಯಿ ಮುಚ್ಚಿದೆ.
ಬೆರಳು ಸವರಿದೆ, ನುಣ್ಣಗಾತು.
ರೊಕ್ಕ ಎಣಿಸಿಕೊಂಡು ಹುಲಕೋಟಿ ಬಸ್ಸು ಹಿಡಿದೆ.

ವರ್ಷ ಬಿಟ್ಟು ಸರ್ವಿಸಿಗೆ ಹೋದೆ. ಏಪ್ರಿಲ್,
ಗಾಳಿಗೇ ಜ್ವರ ಬಂದಂಥ ಮಧ್ಯಾಹ್ನ.
ಪಂಪಿನ ಬಾಯಿ ಮುಂದ ಚಾಪಿ ಹಾಸಿ
ನಾಕು ಹುಡುಗ್ಯಾರು ಪರೀಕ್ಷಾಕ್ಕ ಓದತಿದ್ದರು.
ನೀರಿಗೆ ಬ್ಯಾಡಾದ ತಂಪು
ಅವರ ಹಾಳಿ ತಿರುವತಿತ್ತು.
ಚೌಕಟ್ಟಿನ ಕಡೆ ನೋಡಬಾರದು ಅಂದುಕೊಂಡೇ ನೋಡಿದೆ.
ನನ್ನ ತ್ಯಾಪಿ ಇರಲಿಲ್ಲ.
ಅದು ಇದ್ದ ಜಾಗಾನೂ ಸಿಗಲಿಲ್ಲ.

"ಏನು ಹುಡುಕತಿ?" ಸಿಸ್ಟರ್ ಹಿಂದ ನಿಂತಿದ್ದರು.
"ನಿಂದು ಮೂರು ತಿಂಗಳಿಗೆ ಕುಸೀತು. ಬೆರಳಿಟ್ಟೆ, ಒಳಗ ಪೊಳ್ಳು.
ಮೂವತ್ತಾರು ವರ್ಷ ಡ್ರೆಸ್ಸಿಂಗ್ ಮಾಡೀನಿ.
ಆಳದ ಗಾಯ ತಳದಿಂದ ತುಂಬಿ ಬರಬೇಕು.
ಮ್ಯಾಲ ಮುಚ್ಚಿದಾಂವ ಡಾಕ್ಟರ್ ಆದರೂ ನಾ ಬೈದೀನಿ."

ಕೆರೆದು ತಗದರಂತ, ಎಲ್ಲಾ.
ಕಟಗಿ ಅಡ್ಡೆಯಿಂದ ಸಾಗವಾನಿ ಹುಡಿ ತರಿಸಿ
ವಸ್ತ್ರಗಾಳ ಹಿಡಿದು, ಅಂಟು ಕಲಿಸಿ,
ಬಣ್ಣಕ್ಕ ಕಪ್ಪು ಚಹಾ ಎರಡು ಹನಿ.
ದಿನಕ್ಕ ಒಂದ ಪದರು, ಗೋದಿಕಾಳಿನಷ್ಟು.
ಒಣಗದ ಹೊರತು ಇನ್ನೊಂದಿಲ್ಲ. ಒಂಬತ್ತು ದಿನ.
ಆಮೇಲೆ ಕೈ ನಿಲ್ಲಲಿಲ್ಲಂತ:
ತೊಲಿಯ ಸೀಳು, ಮಂಚದ ಕಾಲು,
ಮಾಡದ ಕದಕ್ಕ ಹುಳ ಕೊರೆದದ್ದು,
ಯಾವಾಗೋ ಯಾರೋ ಸಿಟ್ಟಿಲೆ ಕಿತ್ತ ಚಿಲಕದ ಮೊಳೆಗುಂಡಿ ನಾಕು.
ಮನಿ ತುಂಬ ಕರಕೊಂಡು ಹೋಗಿ ತೋರಿಸಿದರು.
ಯಾವುದೂ ಕಾಣವಲ್ದು ಅಂದೆ.
ಅಷ್ಟ ಸಾಕಿತ್ತು ಅವರಿಗೆ.

ಬಿಲ್ಲಿನಾಗ ಐವತ್ತು ರೂಪಾಯಿ ಕಡಿಮಿ ಕೊಟ್ಟರು. ಯಾಕ ಅಂತ ಕೇಳಲಿಲ್ಲ.
ಹೊಂಡುವಾಗ ಕೈಯಾಗ ಒಂದು ಟಾನಿಕ್ ಬಾಟಲಿ ಇಟ್ಟರು,
ಅದರ ತುಂಬ ಹಿಟ್ಟಿನಂಥ ಹುಡಿ,
ಮ್ಯಾಲ ಬಿಳೀ ಪಟ್ಟಿ, ದವಾಖಾನಿ ಅಕ್ಷರ:
ಹೊರಗ ಹಚ್ಚಲು ಮಾತ್ರ. ದಿನಕ್ಕೊಮ್ಮೆ. ತಳದಿಂದ.

ಬಸ್ಸಿನಾಗ ಕಿಸೆದೊಳಗ ಅದನ್ನ ಹಿಡಕೊಂಡ ಕೂತೆ.
ಹುಲಕೋಟಿ ಬರೂದರಾಗ ಬೆಚ್ಚಗಾಗಿತ್ತು.
ಕಾವು ಯಾವ ಕಡೆಯಿಂದ ಯಾವ ಕಡೆ ಹೋತು
ನನಗ ತಿಳೀಲಿಲ್ಲ.
ಅದ ನನ್ನ ಉದ್ಯೋಗ.