ಕೈಗಡದ ಬೆಳಕು

ಅರಸೀಕೆರೆಯಲ್ಲಿ ಹಳಿಗೆ ಬೆನ್ನು ಕೊಟ್ಟು ಕೂತ ಶಾಲೆ.
ಶನಿವಾರದ ಮೂರನೇ ಪಿರಿಯಡ್ಡು ನನ್ನದು,
ಗಣಿತದವರು ಕಿತ್ತುಕೊಳ್ಳದಿದ್ದರೆ.

ಮೇಜಿಗೆ ಹಳೇ ಪಂಚೆ ಹಾಸಿ ಮೂರು ಸಾಮಾನು ಇಟ್ಟೆ:
ಜುಟ್ಟು ಕೀಳದ ತೆಂಗಿನಕಾಯಿ,
ಸೊಟ್ಟಗಾದ ಸ್ಟೀಲ್ ಲೋಟ,
ಬಿಸಿಯೂಟದ ಕೋಣೆಯಿಂದ ಕೇಳಿ ತಂದ
ಬೆಂದ, ಸುಲಿಯದ ಒಂದು ಮೊಟ್ಟೆ.
"ಎಣಿಸಿ ಬೇಯ್ಸಿರೋದು ಮೇಡಂ, ವಾಪಸ್ ಬರ್ಬೇಕು,"
ಅಂದಿದ್ದರು ಅಡುಗೆಯ ಗಿಡ್ಡಮ್ಮ.

ಮೊದಲು, ಅಂಚಿನ ಗೆರೆ ಮರೆತುಬಿಡಿ.
ಮೊಟ್ಟೆಗೆ ಗೆರೆ ಇಲ್ಲ, ಬೇಕಾದರೆ ಸವರಿ ನೋಡಿ.
ಅದು ಮುಗಿಯುವ ಕಡೆ ಪಂಚೆ ಶುರುವಾಗುತ್ತದೆ, ಅಷ್ಟೇ.
ಆಮೇಲೆ, ಕಣ್ಣು ಅರ್ಧ ಮುಚ್ಚಿ.
ಮೂವತ್ತೊಂದು ಮಕ್ಕಳು ಒಟ್ಟಿಗೆ ಕಣ್ಣು ಕಿರಿದು ಮಾಡಿದರು.
ಜಗಲಿಯಲ್ಲಿ ಹಾದ ಹೆಡ್‌ಮಾಸ್ಟರು
ಆರನೇ ತರಗತಿ ಪೂರಾ ಮಲಗಿದೆ ಅಂದುಕೊಂಡು
ಕೆಮ್ಮಿ ಮುಂದೆ ಹೋದರು.

ಈಟಿ ಹಿಡಿದ ಹಾಗೆ ಹಿಡಿಯಬೇಡ ತಿಪ್ಪೇಶ,
ಪೆನ್ಸಿಲ್ಲನ್ನು ಮಲಗಿಸು, ಸೀಸದ ಪಕ್ಕೆ ತಾಗಲಿ.
ರಾಗಿಹಿಟ್ಟು ಜರಡಿ ಹಿಡಿದ ಹಾಗೆ
ಕಪ್ಪು ಉದುರಬೇಕು, ಸುರಿಯಬಾರದು.
ಒಂದು ಪದರ ಓರೆಗೆರೆ,
ಅದರ ಮೇಲೆ ಎದುರೋರೆ, ಚಾಪೆಯ ಹೆಣಿಗೆಯಂತೆ.
ಮೊಟ್ಟೆ ಬಾಗುವಲ್ಲಿ ಗೆರೆಯೂ ಬಾಗಲಿ.
ಬೆರಳಲ್ಲಿ ಉಜ್ಜಬೇಡಿ, ಮಸಿಬಟ್ಟೆ ಆಗುತ್ತೆ.
(ಉಜ್ಜಿದರು. ಮೂಗಿಗೂ ಬಳಿದುಕೊಂಡರು.)

"ಬಿಳೀ ಪೆನ್ಸಿಲ್ ಇಲ್ವಾ ಮಿಸ್?"
ಇಲ್ಲ. ಹೊಳೆಯುವ ಜಾಗಕ್ಕೆ ಏನೂ ಮಾಡಬಾರದು,
ಕಾಗದವನ್ನು ಅದರ ಪಾಡಿಗೆ ಬಿಡಬೇಕು.
ಒಬ್ಬರೂ ಬಿಡಲಿಲ್ಲ.

ಆಗ ಗೂಡ್ಸ್ ಬಂತು.
ಸಿಗ್ನಲ್ ಸಿಗದೆ, ನಮ್ಮ ಕಿಟಕಿಗೇ ಅಡ್ಡ ನಿಂತಿತು.
ಪಂಚೆಯ ಮೇಲಿದ್ದ ಮೂರು ನೆರಳೂ
ಯಾರೋ ಕರೆದ ಹಾಗೆ ಎದ್ದು ಹೋದವು.
"ಮಿಸ್, ಈಗ ಏನ್ ಬರೀಲಿ?"
ಪೆನ್ಸಿಲ್ ಕೆಳಗಿಡಿ, ಕಾಯೋಣ.

ಇಡದವಳು ಮುಬೀನಾ ಒಬ್ಬಳೇ.
ಕೊಬ್ಬರಿ ಮಂಡಿಯಲ್ಲಿ ಆಯುವ ಕೆಲಸ ಅವಳಮ್ಮನದು,
ರಜಾದಿನ ಇವಳೂ ಜೊತೆಗೆ ಕೂರುತ್ತಾಳೆ
ನಲವತ್ತು ವ್ಯಾಟಿನ ಬಲ್ಬಿನಡಿ
ಬೂಷ್ಟು ಹಿಡಿದದ್ದು ಈ ಕಡೆ, ಹಿಡಿಯದ್ದು ಆ ಕಡೆ.
"ಮಿಸ್, ಮೊಟ್ಟೆ ಹೊಟ್ಟೇಲಿ, ಕೆಳಗಡೆ,
ಒಂಚೂರು ಬೆಳಕೈತೆ."

ಮುಂದಿನ ತಿಂಗಳ ಪಾಠ ಅದು.
ಪ್ರತಿಫಲಿತ ಬೆಳಕು ಎಂದು ಬೋರ್ಡಿನ ಮೇಲೆ ಬರೆದು
ಒತ್ತಕ್ಷರ ನೋಡಿ ನನಗೇ ಬೇಜಾರಾಗಿ ಅಳಿಸಿದೆ.
ಕೈಗಡ ಕಣೇ, ಅಂದೆ. ಪಂಚೆ ಮೊಟ್ಟೆಗೆ ಕೊಟ್ಟದ್ದು.
ನೆರಳಿನ ಅಂಚಲ್ಲಿ ಸ್ವಲ್ಪವೇ ಉಳಿಸು,
ಮೇಲಿನ ಬೆಳಕಿಗೆ ಸಮ ಮಾಡಬೇಡ;
ಕೈಗಡ ತಂದವರು ಅಷ್ಟು ಮೆರೆಯುವುದಿಲ್ಲ.
"ಯಾವಾಗ ತೀರಿಸ್ಬೇಕು ಮಿಸ್?" ಅಂದ ತಿಪ್ಪೇಶ,
ಅಷ್ಟು ಹೊತ್ತಿಗೆ ಮೇಜಿನ ಹತ್ತಿರ ನಿಂತಿದ್ದ.
ಅಲ್ಲಿ ಯಾಕೆ ನಿಂತಿದ್ದಾನೆಂದು ನಾನು ಕೇಳಲಿಲ್ಲ.

ರೈಲು ಹೊರಟಿತು.
ಡಬ್ಬಿ ಡಬ್ಬಿಯ ನಡುವಿನ ಸಂದಿಯಲ್ಲಿ
ಬಿಸಿಲು ಬಂದು, ಹೋಗಿ, ಬಂದು,
ಮೊಟ್ಟೆ ಕಣ್ಣು ಹೊಡೆಯತೊಡಗಿತು.
ಮಕ್ಕಳು ಬರೆಯುವುದು ಬಿಟ್ಟು ನಕ್ಕರು.
ಬೆಲ್ಲಾಯಿತು.

ಅಡುಗೆಮನೆಯಲ್ಲಿ ಗಿಡ್ಡಮ್ಮ
ಮೊಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು:
"ಇದ್ಯಾರ್ ಮೇಡಂ ಇದುಕ್ಕೆ ಮಸಿ ಬಳ್ದೋರು?"
ಕಿಟಕಿಗೆ ಬೆನ್ನು ಮಾಡಿದ್ದ ಬದಿಗೆ, ಸಿಪ್ಪೆಯ ಮೇಲೇ,
ಒಂದು ಪದರ ಓರೆ, ಮೇಲೊಂದು ಎದುರೋರೆ,
ಕೆಳಗೆ ಉಗುರಷ್ಟು ಬಿಳಿ ಬಿಟ್ಟು.

ಸುಲಿದರು. ಯಾರ ತಟ್ಟೆಗೆ ಹೋಯಿತೋ.
ಸಿಪ್ಪೆಯ ದೊಡ್ಡ ಚೂರೊಂದನ್ನು ನಾನು ಎತ್ತಿಕೊಂಡೆ.
ಮೊಟ್ಟೆ ಬಾಗಿದಲ್ಲಿ ಗೆರೆಯೂ ಬಾಗಿತ್ತು.