ಮೂರೂವರೆ

ಮಂಡ್ಯದ ಗುತ್ತಲು ರಸ್ತೆ, ಗೊಬ್ಬರದಂಗಡಿಯ ಮೇಲಿನ ಮಹಡಿ.
ಚೀಲಗಳ ವಾಸನೆಗೂ ಫ್ಯಾನಿನ ಕಿರುಗುಟ್ಟಿಗೂ ಒಗ್ಗಿಹೋಗಿ
ನಾನು ಬರೆದಿದ್ದೆ ಒಂದು ಪುಟ್ಟ ಫಂಕ್ಷನ್ನು:
ಹಾಲೆಷ್ಟು ಲೀಟರು, ಕೊಬ್ಬೆಷ್ಟು, ಹೇಳಿದರೆ
ರೂಪಾಯಿ ಹೇಳುತ್ತದೆ. ಅಷ್ಟೇ.

"ಕೆಲಸ ಮಾಡುತ್ತೆ ಮೇಡಂ" ಅಂದೆ.
"ಯಾರು ಹೇಳಿದ್ದು?" ಅಂದರು ತಬಸ್ಸುಮ್ ಮೇಡಂ,
ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯುತ್ತ.
"ಓಡಿಸಿ ನೋಡಿದೆ, ಒಂದು ಸಲ."
"ಅನ್ನಕ್ಕೆ ಒಂದಗುಳು ಸಾಕು ಕಣಮ್ಮ,
ಒಂದೇ ಬೆಂಕಿ, ಒಂದೇ ನೀರು.
ಇಲ್ಲಿ ಪ್ರತಿ ಅಗುಳೂ ಬೇರೆ ಒಲೆಯ ಮೇಲಿದೆ."

ಕೂತೆ.
ಸೊನ್ನೆ ಲೀಟರಿಗೆ ಸೊನ್ನೆ ರೂಪಾಯಿ ಬರಬೇಕು.
ಇಂಥದನ್ನೂ ಬರೆದಿಡಬೇಕೇ ಎಂದು ನಾಚಿಕೆಯಾಯಿತು.
ಬರೆದೆ. ಹಸಿರು.
ಹತ್ತು ಲೀಟರಿಗೆ, ಹಸಿರು.
ಮೈನಸ್ ಎರಡು ಲೀಟರೆಂದರೆ ಬೈದು ಕಳಿಸಬೇಕು;
ನನ್ನದೋ, ಹಾಲು ಹಾಕಿದವರಿಂದಲೇ ದುಡ್ಡು ಕೇಳುತ್ತಿತ್ತು!
ಕೆಂಪು. ತಿದ್ದಿದೆ. ಹಸಿರು.

ಆಮೇಲೆ ಚಟ ಹತ್ತಿತು.
ಹನ್ನೊಂದು ಪರೀಕ್ಷೆ, ಸಾಲಾಗಿ ಹಸಿರು,
ವಿ.ಸಿ. ನಾಲೆ ಪಕ್ಕದ ಗದ್ದೆಯ ಹಾಗೆ.
ಮೇಡಂ ಬಂದು ಒಂದರ ಮೇಲೆ ಬೆರಳಿಟ್ಟರು:
"ಇದು ಏನನ್ನೂ ಕೇಳುತ್ತಲೇ ಇಲ್ಲವಲ್ಲ.
ಕರೆಯುತ್ತೆ, ಸುಮ್ಮನಾಗುತ್ತೆ.
ಒಮ್ಮೆಯೂ ಕೆಂಪಾಗದ ಹಸಿರನ್ನು ನಂಬಬೇಡ."
ಬೇಕೆಂದೇ ಲೆಕ್ಕ ಕೆಡಿಸಿ ನೋಡಿದೆವು.
ಆಗಲೂ ಹಸಿರೇ.
ಪೈರಲ್ಲ, ಪಾಚಿ.

ಸಂಜೆ ಐದೂಕಾಲು. ಕೊನೆಯದೆಂದು ಅಂಚಿಗೆ ಹೋದೆ.
ಮೂರೂವರೆಗಿಂತ ಕಡಿಮೆ ಕೊಬ್ಬು, ಮೂರೂವರೆಗಿಂತ ಹೆಚ್ಚು,
ಎರಡೂ ಸರಿ.
ಸರಿಯಾಗಿ ಮೂರೂವರೆ?
ಕೆಂಪು.
'ಹೆಚ್ಚು' ಎಂದು ಬರೆದಿದ್ದೆ, 'ಅಥವಾ ಸಮ' ಬಿಟ್ಟಿದ್ದೆ.

ಲೀಟರಿಗೆ ಎರಡು ರೂಪಾಯಿ ನಲವತ್ತು ಪೈಸೆ.
ಹುಲಿವಾನದ ಡೇರಿಯಲ್ಲಿ
ಕ್ಯಾನು ಇಳಿಸಿ ಸೆರಗಿಗೆ ಕೈ ಒರೆಸಿಕೊಳ್ಳುವ ದೊಡ್ಡತಾಯಮ್ಮನ
ಪಾಸ್‌ಬುಕ್ಕು ತಿರುವಿದ್ದೆ ಹೋದ ವಾರ, ಮಾದರಿ ಲೆಕ್ಕಕ್ಕೆಂದು:
ಮೂರೂವರೆ, ಮೂರೂವರೆ, ಮೂರು ಪಾಯಿಂಟ್ ನಾಲ್ಕು, ಮೂರೂವರೆ.

ತಿದ್ದಿದೆ. ಆಕೆಗೆ ಇದು ಗೊತ್ತಾಗುವುದಿಲ್ಲ.
ಗೊತ್ತಾಗುವಂಥದು ಏನೂ ನಡೆಯಲೇ ಇಲ್ಲ.

ಪರೀಕ್ಷೆಗೊಂದು ಹೆಸರು ಬೇಕಿತ್ತು,
ನಾನಿಲ್ಲದಾಗ ಓದುವವರಿಗೂ ತಿಳಿಯುವಂಥದು.
'ಸರಿಯಾಗಿ ಮೂರೂವರೆ ಇದ್ದರೂ ಪೂರ್ತಿ ದರ'
ಎಂದು ಬರೆದು ಕಿಟಕಿಯಿಂದ ಬಗ್ಗಿದೆ.
ಕೆಳಗೆ ಅಂಗಡಿಯವನು
ತಕ್ಕಡಿಯ ಮೇಲೆ ಏನನ್ನೂ ಇಡದೆ
ಮುಳ್ಳು ಸೊನ್ನೆಗೆ ನಿಲ್ಲುತ್ತದೆಯೇ ಎಂದು
ನೋಡುತ್ತಿದ್ದ.