ಬೆಲ್ಲದ ಬಣ್ಣದ ಮರಿ

ಮಾಡಗ್ಯಾಳದ ದನದ ದವಾಖಾನೆಯ ಕಟ್ಟೆಯ ಮೇಲೆ
ಮಾಳವ್ವ ಮರಿ ಇಳಿಸಿದಳು.
"ನೋಡ್ರಿ ಸಾಹೇಬ್ರ, ತಾಯಿ ಕರಿ, ಟಗರು ಕರಿ,
ನಮ್ಮ ಹಿಂಡು ಅಂದ್ರ ಅಮಾಸಿ ಇದ್ದಾಂಗ.
ಇದ್ಯಾಕ್ರಿ ಹಸಿ ಬೆಲ್ಲ?"

ಕೇಳುವಾಗ ಅವಳ ಕಣ್ಣು
ರಸ್ತೆಯಾಚೆ ಸಿದಗೊಂಡನ ಕೆಂಚು ಟಗರಿನ ಮೇಲಿತ್ತು.
ಅದು ಬಾಗಿದ ಮೂಗನ್ನು ಇನ್ನಷ್ಟು ಬಾಗಿಸಿ
ಏನೂ ಅರಿಯದಂತೆ ಬೇವಿನ ಸೊಪ್ಪು ಮೇಯುತ್ತಿತ್ತು.

ನನ್ನ ರಜಿಸ್ಟರು ಮರಾಠಿ.
ಬಣ್ಣದ ಕಾಲಮ್ಮಿಗೆ ಒಂದೂವರೆ ಬೆರಳು ಜಾಗ.
ಅದರಲ್ಲಿ ಹಿಡಿಸದ್ದನ್ನು ಕನ್ನಡದಲ್ಲಿ ಹೇಳಬೇಕಾಯ್ತು:

ಮಾಳವ್ವ, ಬಣ್ಣ ಕಾಸುವ ಕೋಶಕ್ಕೆ
ತೆಳ್ಳನೆಯ ಒಂದು ಗಡಿ.
ಆ ಗಡಿಯಲ್ಲಿ ಒಬ್ಬ ಗ್ರಾಹಕ ಕೂತಿದ್ದಾನೆ,
ಅಂಗಡಿಯ ಗಿರಾಕಿ ಅಲ್ಲ, ಹಿಡಿದುಕೊಳ್ಳುವವ.
ದಬ್ಬಳ ದಾಟಿದಂತೆ ಏಳು ಸಲ
ಒಳಗೂ ಹೊರಗೂ ದಾಟಿ ತನ್ನನ್ನೇ ಹೊಲಿದುಕೊಂಡವ.
ಕಿವಿ ಆಚೆ, ನಾಲಿಗೆ ಈಚೆ.
ನಮ್ಮಂಥವನೇ:
ಕಾಗದಪತ್ರ ಒಂದು ಮಾತಿನಲ್ಲಿ, ಬೈಗುಳ ಇನ್ನೊಂದರಲ್ಲಿ.

ಹೊರಗಿಂದ ಒಂದು ಚೀಟಿ ಬರುತ್ತದೆ.
ಚೀಟಿ ಒಳಗೆ ಹೋಗುವುದಿಲ್ಲ,
ಇವನ ಅಂಗೈಯಲ್ಲಿ ಕೂರುತ್ತದೆ ಅಷ್ಟೆ.
ಇವನು ಮೈಮುರಿದು ಒಳಕ್ಕೊಂದು ಕೂಗು ಹಾಕಿದರೆ
ಹಂಡೆಯಲ್ಲಿ ಕಪ್ಪು ಕುದಿಯುತ್ತದೆ.
ಕೂಗದಿದ್ದರೆ, ಇಲ್ಲಾ ಅಂಗೈಯಲ್ಲಿ
ಬೇರೆ ಯಾರೋ ಬಂದು ಅಡ್ಡ ಕೂತರೆ,
ಅದೇ ಹಂಡೆ, ಅದೇ ಬೆಂಕಿ,
ಕೆಂಬೆಲ್ಲ.

ನಿಮ್ಮ ಹಿಂಡಿನವನು ಬೇರೆ.
ಯಾವ ಕಾಲದ ಯಾವ ಕುರಿಯಲ್ಲೋ
ಒಂದಕ್ಷರ ತಪ್ಪಿ ಬಿತ್ತು.
ಅಂದಿನಿಂದ ಚೀಟಿ ಬರಲಿ ಬಿಡಲಿ
ಕೂಗುತ್ತಲೇ ಇದ್ದಾನೆ: ಕಪ್ಪು, ಕಪ್ಪು, ಕಪ್ಪು.
ಆ ತಪ್ಪನ್ನೇ ನೀವು ಕತ್ತರಿಸಿ, ನೂತು, ನೇಯ್ದು,
ಹುಣಸೆಬೀಜದ ಗಂಜಿ ಬಳಿದು ಹೊದ್ದಿರಿ.

ಕೂಗುವವನು ಒಬ್ಬನಿದ್ದರೂ ಕುರಿ ಕರಿ.
ಈ ತಾಯಿಯಲ್ಲಿ ಒಬ್ಬ ಕೂಗುವವ, ಒಬ್ಬ ಸುಮ್ಮನಿರುವವ.
ಟಗರಿನಲ್ಲೂ ಅಷ್ಟೆ.
ಮರಿಗೆ ಸಿಕ್ಕವರು ಸುಮ್ಮನಿರುವ ಇಬ್ಬರು.
ಸಿದಗೊಂಡನ ಮನೆಗೆ ಜಗಳಕ್ಕೆ ಹೋಗಬೇಡ.

"ಇಷ್ಟು ತಲಿ ಸುಮ್ಮನ ಕೂತಿದ್ನೇನ್ರಿ ಒಳಗ?
ನಮ್ಮತ್ತಿನೂ ಹಾಂಗ ಇದ್ಲು" ಎಂದು ನಕ್ಕಳು.

ಹಿಂದೆ ನಿಂತಿದ್ದ ಮೊಮ್ಮಗಳು ಸಾರಿಕಾ,
ಕೈಯಲ್ಲಿ ಜತ್ತ ಸಂತೆಯ ಬೆಳ್ಳಗಾಗುವ ಕ್ರೀಮು,
"ಮನಷ್ಯಾರಿಗೂ ಇರ್ತಾನೇನ್ರಿ ಅಂವಾ?"

ಇರ್ತಾನೆ.
ಬಿಸಿಲು ಬಿದ್ದೊಡನೆ ಮೇಲಿನ ತೊಗಲು ಚೀಟಿ ಬರೆಯುತ್ತದೆ.
ಅವನು ಕೂಗುತ್ತಾನೆ.
ಕಪ್ಪು ಕಾಳುಕಾಳಾಗಿ ನೆರೆಮನೆಗೆ ನಡೆದು
ಒಂದೊಂದು ಕೋಶದ ತಿರುಳಿನ ಮೇಲೂ
ಬಿಸಿಲು ಬರುವ ಕಡೆಗೇ ಕವಿಚಿಕೊಳ್ಳುತ್ತದೆ,
ಮಳೆಯಲ್ಲಿ ನಿಮ್ಮಜ್ಜಿ ಹಾಕುವ ಕಂಬಳಿ ಕೊಪ್ಪೆಯ ಹಾಗೆ.
ನಿನ್ನ ಕೆನ್ನೆಯ ಮೇಲೇ
ಕೊಪ್ಪೆ ಹಾಕಿದವರು ಎಷ್ಟು ಮಂದಿಯೋ, ಎಣಿಸಿದವರಿಲ್ಲ.

ಸಾರಿಕಾ ಏನೂ ಅನ್ನಲಿಲ್ಲ.
ಟ್ಯೂಬಿನ ಮುಚ್ಚಳ ಬಿಗಿ ಮಾಡಿದಳು.
ಬಿಸಾಡಲಿಲ್ಲ; ನಲವತ್ತೈದು ರೂಪಾಯಿ.

ಮಾಳವ್ವ ಸೆರಗು ಸರಿಸಿ ತಲೆ ಬಗ್ಗಿಸಿದಳು.
"ಮತ್ತ ಇಲ್ಲಿ? ಕೂಗಿ ಕೂಗಿ ಗಂಟಲಾ ಬಿತ್ತೇನು?"
ಇಲ್ಲ ತಾಯಿ,
ಅಲ್ಲಿ ಬಣ್ಣಗಾರನೇ ಹಂಡೆ ಬೋರಲು ಹಾಕಿ ಎದ್ದು ಹೋಗಿದ್ದಾನೆ,
ಕೂಗಲು ಗಡಿಯೇ ಉಳಿದಿಲ್ಲ.
ಹೇಳಲಿಲ್ಲ ಇದನ್ನು. ವಯಸ್ಸು ಅಂದೆ.

ಕಾಲಮ್ಮಿನಲ್ಲಿ ‘ತಾಂಬಡಾ’ ಎಂದು ಬರೆದು
ಕೇಳಿದೆ: ಇದರ ಉಣ್ಣಿ ಕರಿ ಕಂಬಳಿಗೆ ಬರುವುದಿಲ್ಲ,
ಮಾರುತ್ತೀಯಾ ಮರಿಯನ್ನು?

ಅವಳಾಗಲೇ ಅದನ್ನು ಎತ್ತಿ
ಹೆಗಲ ಸುತ್ತ ಹಾಕಿಕೊಂಡಿದ್ದಳು,
ಎರಡು ಕಾಲು ಈ ಕಡೆ, ಎರಡು ಆ ಕಡೆ.
"ಅಂಚಿಗೆ ಬರ್ತೈತಿ ಬಿಡ್ರಿ," ಅಂದಳು.
"ಅಂಚು ಇಲ್ದ ಕಂಬಳಿ ಯಾರ್ ಹೊತ್ಕೋತಾರ?"